ಗಂಡನ ಸಹಿ ಕೇಳುವ ಎಂಟನೇ ಕಿಟಕಿ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಎಂಟನೇ ಕಿಟಕಿಯ ಗಾಜಿಗೆ ಒಂದು ಕಾಗದ ಅಂಟಿಸಿದ್ದಾರೆ. ‘ಗರ್ಭಪಾತಕ್ಕೆ ಬರುವವರು ಗಂಡನನ್ನು ಕರೆತರತಕ್ಕದ್ದು, ಗಂಡನ ಸಹಿ ಕಡ್ಡಾಯ’ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾರೆ. ಆ ಕಾಗದವನ್ನು ಬರುವ ಸೋಮವಾರ ಬೆಳಿಗ್ಗೆಯೊಳಗೆ ಹರಿದು ಹಾಕಬೇಕು. ನನ್ನ ಅಹವಾಲು ಇಷ್ಟೇ. ಇಷ್ಟಕ್ಕೇ ನೀವು ಎದ್ದು ಹೋಗಿ ಹರಿಯುವವರಾದರೆ ಮುಂದಿನದನ್ನು ಓದುವ ಶ್ರಮ ಬೇಡ. ಆದರೆ ಸರಕಾರಿ ಗೋಡೆಗೆ ಅಂಟಿದ ಕಾಗದ ಬಿಸಿಲಿಗೆ ಬಣ್ಣಗೆಟ್ಟು ತಾನಾಗಿಯೇ ಉದುರಬೇಕೇ ಹೊರತು, ಯಾರೋ ಕಿತ್ತರು ಎಂಬ ದಾಖಲೆ ಈವರೆಗೂ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹಳೇ ಹುಬ್ಬಳ್ಳಿಯವಳು. ಆರು ತಿಂಗಳ ಮಗಳಿದ್ದಾಳೆ. ಆರು ತಿಂಗಳಿಂದ ನನಗೆ ಸರಿಯಾದ ನಿದ್ದೆಯಿಲ್ಲ. ಮಗಳು ಎದ್ದರೆ ಯಾಕೆ ಎದ್ದಳೆಂಬ ಚಿಂತೆ, ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂಬ ಚಿಂತೆ. ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ, ಬೆರಳು ತಾಗಿ ಅವಳು ಎಚ್ಚರಾಗುತ್ತಾಳೆ, ಮೊದಲಿನಿಂದ ಮತ್ತೆ ಶುರು. ಹೀಗೆ ಕೂತಾಗ ಕೈಯಲ್ಲಿ ಮೊಬೈಲ್ ಇರುತ್ತದೆ. ಮೊದಲೆಲ್ಲ ಕೂಸಿನ ಕೆಮ್ಮು, ಕೂಸಿನ ಭೇದಿ ಎಂದು ಓದುತ್ತಿದ್ದೆ. ಕಳೆದ ಎರಡು ವಾರದಿಂದ ಗರ್ಭಪಾತದ ಕಾಯ್ದೆ ಓದುತ್ತಿದ್ದೇನೆ. ನಿದ್ದೆಗೆಟ್ಟ ತಾಯಿ ಓದಲು ಕೂತರೆ ಕಾಯ್ದೆಗೂ ಸುಖವಿಲ್ಲ, ಅಧಿಕಾರಿಗೂ ಸುಖವಿಲ್ಲ.

ಯಾಕೆ ಓದಬೇಕಾಯಿತು ಎಂದರೆ, ಎರಡು ವಾರದ ಹಿಂದಿನ ಸೋಮವಾರ ನಾನೇ ಆ ಕಿಟಕಿಯ ಮುಂದೆ ನಿಂತಿದ್ದೆ. ಸಿಸೇರಿಯನ್ ಹೊಲಿಗೆ ಇನ್ನೂ ಚುರುಚುರು ಎನ್ನುವಾಗಲೇ ಮತ್ತೆ ಬಸಿರಾಗಿದ್ದೆ. ಮೊಲೆ ಕುಡಿಸುವ ತನಕ ಬಸಿರು ನಿಲ್ಲುವುದಿಲ್ಲ ಎಂದು ಓಣಿಯ ಹಿರಿಯರೆಲ್ಲ ಭರವಸೆ ಕೊಟ್ಟಿದ್ದರು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಿಎಸ್ಸಿ ಮಾಡಿದ ನಾನೂ ನಂಬಿದೆ. ಕಪ್ಪೆಯ ಸಂತಾನೋತ್ಪತ್ತಿಯ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಚಿತ್ರಸಹಿತ ಉತ್ತರ ಬರೆದವಳಿಗೆ ತನ್ನ ವಿಷಯ ಮಾತ್ರ ಗೊತ್ತಿರಲಿಲ್ಲ.

ಕಿಟಕಿಯವರೆಗೆ ಬರುವ ಮುಂಚೆ ನಮ್ಮ ಮನೆಯಲ್ಲಿ ಮೂರು ದಿನ ವಾದ ನಡೆದಿತ್ತು. ಇದನ್ನು ಹೇಳಲೇಬೇಕು. ಏಕೆಂದರೆ ಈ ವಿಷಯದಲ್ಲಿ ಹೆಂಗಸರು ಯೋಚಿಸದೆ ಓಡಿ ಬರುತ್ತಾರೆ, ಅವರನ್ನು ತಡೆದು ನಿಲ್ಲಿಸಲು ಯಾರಾದರೂ ಬೇಕು ಎಂಬ ಭಾವನೆ ನಿಮ್ಮ ಕಾಗದದ ಹಿಂದೆ ಇರುವಂತಿದೆ. ತಡೆಯಲು ನಮ್ಮ ಮನೆಯಲ್ಲಿ ಅತ್ತೆ ರಜನಿಬಾಯಿ ಇದ್ದಾರೆ. ಏಕಾದಶಿಯ ದಿನ ನೀರನ್ನೂ ಮುಟ್ಟದವರು. ಮೆಂತ್ಯ ಸೋಸುತ್ತ ನನ್ನನ್ನು ಎದುರಿಗೆ ಕೂರಿಸಿಕೊಂಡರು.

“ಧನೂ, ಒಂದು ಜೀವ ಬರ್ತೀನಿ ಅಂತ ಬಾಗಲಾ ಬಡದ್ರ, ಒಳಗಿನವ್ರು ಚಿಲಕಾ ಹಾಕಬಾರದವಾ.”

“ಒಳಗ ಇನ್ನೂ ಗ್ವಾಡಿ ಹಸೀ ಅದರಿ ಅತ್ತಿ. ಯಾರನ್ನ ಎಲ್ಲೆ ಕೂಡಸ್ಲಿ?”

“ನಮ್ಮವ್ವ ಒಂಬತ್ತು ಹಡದ್ಲು. ಒಂದರ ಮ್ಯಾಲೊಂದು.”

“ಉಳದವ್ರು ಎಷ್ಟ್ ಮಂದಿರಿ?”

ಅತ್ತೆಯ ಕೈ ನಿಂತಿತು. “ನಾಲ್ಕ್ ಮಂದಿ,” ಎಂದರು. ಎರಡು ಕಡ್ಡಿ ಮೆಂತ್ಯ ಸೋಸಿದ ಮೇಲೆ, “ಹತ್ತನೇದಕ್ಕ ಅವ್ವನೂ ಹ್ವಾದ್ಲು. ನನಗ ಆಗ ಏಳು ವರ್ಷ,” ಎಂದರು. ಆಮೇಲೆ ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆ ತಳ್ಳಿ, “ಆದ್ರೂ ನಾ ಒಪ್ಪೂದಿಲ್ಲ ನೋಡು. ಉಳದದ್ದು ನೀ ಸೋಸು,” ಎಂದು ಎದ್ದು ಹೋದರು.

ಅತ್ತೆಯದು ತಪ್ಪು ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ನನ್ನ ಹೊಟ್ಟೆಯಲ್ಲಿದ್ದ ಏಳು ವಾರದ್ದು ಏನೂ ಅಲ್ಲ ಎಂದು ನಾನೂ ಹೇಳುವವಳಲ್ಲ. ಅದು ಏನೋ ಆಗಿತ್ತು. ಆದರೆ ಅದು ಏನು, ಎಷ್ಟು, ಅದರ ಮುಂದೆ ನನ್ನ ಆರು ತಿಂಗಳ ಮಗಳ ಹಾಲು ಎಷ್ಟು, ನನ್ನ ಹೊಟ್ಟೆಯ ಹೊಲಿಗೆ ಎಷ್ಟು ಎಂದು ತೂಗಿ ನೋಡುವುದನ್ನು ನಾನು ಮೂರು ದಿನ ಬಿಡದೆ ಮಾಡಿದೆ. ತಕ್ಕಡಿ ಒಮ್ಮೆಯೂ ಸುಮ್ಮನೆ ನಿಲ್ಲಲಿಲ್ಲ. ಈ ಮೂರೂ ದಿನ ನನ್ನ ಗಂಡ, ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಬ್ರೇಕು ರಿಪೇರಿ ಮಾಡುವ ವಿಜಯೀಂದ್ರ ಅವರು, “ಅವ್ವ ಹೇಳೂದೂ ಖರೇ ಅದ, ನೀ ಹೇಳೂದೂ ಖರೇ ಅದ,” ಎಂದು ಇಬ್ಬರಿಗೂ ಸಮನಾಗಿ ತಲೆಯಾಡಿಸಿದರು. ಒಳ್ಳೆಯ ಮನುಷ್ಯ. ಮಾನ್ಯರೇ, ಈ ತಲೆಯಾಡಿಸಿದವರ ಸಹಿಗಾಗಿಯೇ ನಿಮ್ಮ ಕಿಟಕಿ ಕಾದು ಕೂತಿತ್ತು. ತೂಗಿದವಳ ಸಹಿಗಲ್ಲ.

ಆ ಸೋಮವಾರ ಅತ್ತೆಯೂ ನನ್ನ ಜೊತೆ ಬಂದರು. “ನಾ ಒಪ್ಪಿ ಬರ್ಲಿಕ್ಹತ್ತಿಲ್ಲ. ಕೂಸು ಹಿಡ್ಯಾವ್ರು ಯಾರು ಅಂತ ಬರ್ಲಿಕ್ಹತ್ತೀನಿ,” ಎಂದು ಆಟೋ ಹತ್ತುವಾಗಲೇ ಸ್ಪಷ್ಟಪಡಿಸಿದರು.

ಪಾಳಿಯಲ್ಲಿ ನಮ್ಮ ಮುಂದೆ ಶಿರಗುಪ್ಪಿ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ಬಾಳವ್ವ ಎಂದು ಕರೆಯೋಣ. ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ, ಆಕೆಯ ಮನೆಯವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಮೂವತ್ತೈದರ ಆಸುಪಾಸು, ಮೂರು ಮಕ್ಕಳ ತಾಯಿ. ಮೂರನೇ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ಎರಡು ದಿನ ಪ್ರಜ್ಞೆ ಇರಲಿಲ್ಲವಂತೆ. ಇನ್ನೊಮ್ಮೆ ಬಸಿರಾಗಬೇಡ ಎಂದು ಆಗಲೇ ಡಾಕ್ಟರು ಹೇಳಿದ್ದರು. ಅವತ್ತಿಗೆ ಏಳು ವಾರ.

“ಗಂಡನ ಹೆಸರು?” ಎಂದರು ಕಿಟಕಿಯ ಗುಮಾಸ್ತರು.

ಬಾಳವ್ವ ಸೆರಗು ಬಾಯಿಗೆ ಹಿಡಿದು ನಿಂತಳು. ನಮ್ಮ ಕಡೆ ಗಂಡನ ಹೆಸರನ್ನು ಹಾಗೆ ಬರಿದೇ ಬಾಯಲ್ಲಿ ಹೇಳುವ ವಾಡಿಕೆ ಹಳ್ಳಿಯ ಹೆಂಗಸರಿಗೆ ಇನ್ನೂ ಇಲ್ಲ. ಹೇಳಲೇಬೇಕೆಂದರೆ ಒಡಪು ಕಟ್ಟಿ, ಪ್ರಾಸದೊಳಗೆ ಹೆಸರನ್ನು ಸುತ್ತಿ ಕೊಡಬೇಕು.

“ಹೇಳಬೇ ಲಗೂನ. ಹಿಂದ ಮಂದಿ ನಿಂತಾರ.”

ಬಾಳವ್ವ ಒಮ್ಮೆ ಹಿಂದೆ ತಿರುಗಿ ನಮ್ಮ ಪಾಳಿಯನ್ನು ನೋಡಿದಳು, ಕೆಮ್ಮಿ ಗಂಟಲು ಸರಿಮಾಡಿಕೊಂಡಳು. “ಪಾಳೇದಾಗ ನಿಂತ ನಿಂತ ಕಾಲಾತು ಕಂಬ, ಶಿದ್ದಪ್ಪನ ಹೆಸರ ಹೇಳೇನಿ, ಬರ್ಕೋರಿ ತುಂಬ.”

ಇಡೀ ಪಾಳಿ ನಕ್ಕಿತು. ಗುಮಾಸ್ತರೂ ನಕ್ಕರು. ಅವರು ಕೆಟ್ಟವರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಮಗಳು ಅಳಲು ಶುರುಮಾಡಿದಾಗ ತಮ್ಮ ಕೀಲಿಕೈ ಗೊಂಚಲನ್ನು ಗಾಜಿನ ಹಿಂದೆ ಅಲ್ಲಾಡಿಸಿ ಅವಳನ್ನು ನಗಿಸಿದವರು. ನಗು ಮುಗಿಸಿ, ‘ಶಿದ್ದಪ್ಪ’ ಎಂದು ತುಂಬ ಬರೆದುಕೊಂಡು, ಕೇಳಿದರು.

“ಎಲ್ಲದಾನ? ಕರಿ. ಸಹಿ ಮಾಡ್ಲಿ.”

“ಗೋವಾದಾಗ ಅದಾರ್ರಿ. ಮೀನಾ ಹಿಡಿಯೂ ಬೋಟಿನ ಮ್ಯಾಲ. ಫೋನೂ ಹತ್ತೂದಿಲ್ಲ. ‘ಇನ್ನ ಸಾಕು, ನಿನ್ನ ಜೀವ ಮುಖ್ಯ’ ಅಂತ ಹೋಗೂ ಮುಂದ ಅವರ ಹೇಳಿ ಹೋಗ್ಯಾರ.”

“ಯಾವಾಗ ಬರ್ತಾನ?”

“ಹಟ್ಟಿ ಹಬ್ಬಕ್ಕರಿ.”

“ಹಂಗಾರ ಹಟ್ಟಿ ಹಬ್ಬಕ್ಕ ಕರಕೊಂಡು ಬಾ.”

ಹಟ್ಟಿ ಹಬ್ಬ ಎಂದರೆ ದೀಪಾವಳಿ. ಇನ್ನೂ ಐದು ವಾರ ಇತ್ತು. ಮಾನ್ಯರೇ, ನೀವು ವೈದ್ಯರು. ಬಸಿರು ಎಂಬುದು ದೀಪಾವಳಿಯ ತನಕ ಪಾಳಿಯಲ್ಲಿ ನಿಂತು ಕಾಯುತ್ತದೆ ಎಂದು ನೀವು ಓದಿದ ಪುಸ್ತಕದಲ್ಲಿ ಇತ್ತೇ? ನಾನು ಓದಿದ್ದರಲ್ಲಿ ಇರಲಿಲ್ಲ, ನನ್ನದು ಬರೀ ಕಪ್ಪೆಯದು. “ಮೊದಲ ಆಪರೇಷನ್ ಮಾಡಿಸ್ಕೊಂಡಿದ್ರ ಈ ತ್ರಾಸ ಇರ್ತಿದ್ದಿಲ್ಲ,” ಎಂದು ಗುಮಾಸ್ತರು ಉಪದೇಶವನ್ನೂ ಮಾಡಿದರು. “ಅದಕ್ಕೂ ಬಂದಿದ್ದೆರಿ ಇಲ್ಲೇ. ರಕ್ತ ಕಮ್ಮಿ ಐತಿ, ಆಮ್ಯಾಲ ಬಾ ಅಂದ್ರಿ,” ಎಂದಳು ಬಾಳವ್ವ. ಗುಮಾಸ್ತರು ಪಾಳಿಯಲ್ಲಿ ಮುಂದಿನವರನ್ನು ಕರೆದರು.

ಆಮೇಲೆ ನಾನು. “ಗಂಡ ಎಲ್ರಿ?” ವರ್ಕ್‌ಶಾಪಿನಲ್ಲಿ ಎಂದೆ. “ಕರಸ್ರಿ.” ನನಗೆ ಇಪ್ಪತ್ತಾರು ವರ್ಷ, ಹೊಟ್ಟೆ ನನ್ನದು, ನನ್ನ ಸಹಿ ಸಾಲದೇ ಎಂದೆ. “ನಿಯಮ ಅದರಿ. ಅಲ್ಲೆ ಬರದೈತಿ ಓದ್ರಿ,” ಎಂದು ಗಾಜಿನ ಮೇಲಿನ ಕೆಂಪು ಅಕ್ಷರ ತೋರಿಸಿದರು. ಅಷ್ಟರಲ್ಲಿ ನನ್ನ ಹಿಂದಿನಿಂದ ಅತ್ತೆಯ ಕೈ ಬಂದು ಗಾಜನ್ನು ತಟ್ಟಿತು.

“ಏನಪಾ, ಬ್ಯಾಡ ಅನ್ನೂ ಹಕ್ಕು ನಂದು. ನಾ ಅತ್ತಿ. ಮೂರು ದಿನಾ ಮನ್ಯಾಗ ಬ್ಯಾಡ ಬ್ಯಾಡ ಅಂತ ಹೇಳೀನಿ. ನೀ ಯಾಂವಾ?”

ಗುಮಾಸ್ತರು ಮೆತ್ತಗಾದರು. “ಸಿಟ್ಟಾಗಬ್ಯಾಡ್ರಿ ಅಜ್ಜಿ. ಗಂಡ ಬರೂದು ಆಗಲಿಲ್ಲಂದ್ರ ಅತ್ತಿ ಸಹಿನೂ ನಡೀತದ. ನೀವ ಮಾಡ್ರಿ.”

“ನಾ ಯಾಕ ಮಾಡ್ಲಿ? ನಾ ಒಪ್ಪಿಲ್ಲ ಇದಕ್ಕ.”

“ಮತ್ತ ಕರಕೊಂಡು ಯಾಕ ಬಂದೀರಿ?”

“ಅಕೀ ಒಪ್ಪ್ಯಾಳಲ್ಲ, ಅದಕ್ಕ ಬಂದೀನಿ. ಅಕೀ ಸಹಿ ತೊಗೋ. ನನಗ ಬ್ಯಾಡಾದದ್ದಕ್ಕ ನಾ ಸಹಿ ಮಾಡೂದಿಲ್ಲ, ಅಕೀಗೆ ಬೇಕಾದದ್ದಕ್ಕ ಅಕೀ ಸಹಿ ನೀ ಬ್ಯಾಡ ಅನ್ನಬ್ಯಾಡ.”

ಈ ದೇಶದ ದೊಡ್ಡ ದೊಡ್ಡ ಚರ್ಚೆಗಳಲ್ಲಿ ಜೀವದ ಪರ, ಆಯ್ಕೆಯ ಪರ ಎಂದು ಎರಡು ಬೆಂಚು ಹಾಕಿರುತ್ತಾರೆ. ನನ್ನ ಅತ್ತೆ ಕಂಕುಳಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಎರಡೂ ಬೆಂಚಿನ ಮೇಲೆ ಒಮ್ಮೆಲೇ ಕೂತರು. ಹಾಗೆ ಕೂರಲಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು ಗಮನಿಸಿದಿರಾ? ಗಂಡನ ಸಹಿ ಕಡ್ಡಾಯ, ಆದರೆ ಗಂಡ ಸಿಗದಿದ್ದರೆ ಅತ್ತೆಯದೂ ನಡೆಯುತ್ತದೆ. ಹುಡುಕಿದರೆ ಮಾವನದು, ಮೈದುನನದು, ಓಣಿಯ ಹಿರಿಯರದು ಕೂಡ ನಡೆದೀತು. ನಡೆಯದೇ ಇರುವುದು ಒಬ್ಬಳದೇ. ನಾನು ಕಾಯ್ದೆ ಓದಿದೆ ಎಂದೆನಲ್ಲ, ಅದರಲ್ಲಿ ನೇರ ಉಲ್ಟಾ ಇದೆ. ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಣ್ಣಿನ ಒಪ್ಪಿಗೆ ಬೇಕು, ಮತ್ತೆ ಯಾರದೂ ಬೇಡ. ಒಪ್ಪಿಗೆಯ ನಮೂನೆಯನ್ನೂ ನೋಡಿದೆ. ಹದಿನೆಂಟು ತುಂಬದವಳಾದರೆ ಪೋಷಕರ ಸಹಿಗೆ ಜಾಗವಿದೆ, ಗಂಡನ ಸಹಿಗೆಂದು ಅದರಲ್ಲಿ ಜಾಗವೇ ಇಲ್ಲ. ನಿಮ್ಮವರು ನನ್ನ ಗಂಡನ ಸಹಿಯನ್ನು ಹಾಕಿಸಿಕೊಂಡದ್ದು ಫಾರ್ಮಿನ ಅಂಚಿನಲ್ಲಿ, ಅಡ್ಡವಾಗಿ, ಇರುವೆ ಸಾಲಿನ ಹಾಗೆ. ಹೌದು, ಹಾಕಿಸಿಕೊಂಡರು. ನಾನು ಸೋತೆ. ಮಗಳು ಹಸಿದಿದ್ದಳು, ಪಾಳಿ ಗೊಣಗುತ್ತಿತ್ತು, ಫೋನ್ ಮಾಡಿದೆ. ವಿಜಯೀಂದ್ರ ಅರ್ಧ ದಿನ ರಜೆ ಹಾಕಿ, ಗ್ರೀಸ್ ಕೈಯಲ್ಲೇ ಬಂದು ಸಹಿ ಮಾಡಿ, ಮೂಡಿದ ಬೆರಳಚ್ಚಿಗೆ ಕ್ಷಮೆ ಕೇಳಿ ಹೋದರು. ಫಾರ್ಮಿನಲ್ಲಿ ಏನು ಬರೆದಿದೆ ಎಂದು ಓದಲೂ ಇಲ್ಲ.

ಮೂರು ದಿನದಲ್ಲಿ ಎಲ್ಲ ಮುಗಿಯಿತು. ಗುಳಿಗೆ ಕೊಟ್ಟ ನಿಮ್ಮ ಡಾಕ್ಟರಮ್ಮ ಮೃದುವಾಗಿ ಮಾತಾಡಿದರು, ಅವರಿಗೆ ನನ್ನ ನಮಸ್ಕಾರ. ನಾನು ಅತ್ತದ್ದೂ ನಿಜ, ಹಗುರಾದದ್ದೂ ನಿಜ. ಎರಡೂ ಒಂದೇ ಮಧ್ಯಾಹ್ನ ಆಯಿತು. ಅತ್ತೆ ಅಳ್ವಿ ಕಾಳಿನ ಪಾಯಸ ಕುದಿಸಿ, ಬಾಣಂತಿಯರಿಗೆ ಕೊಡುವ ಹಾಗೆ ತುಪ್ಪ ಮೇಲೆ ಹಾಕಿ ತಂದಿಟ್ಟರು. ನಾನು ಮುಖ ನೋಡಿದೆ. “ಕೂಸು ಬಂದ್ರೂ ಮೈ ದಣೀತದ, ಹ್ವಾದ್ರೂ ದಣೀತದ. ತಿನ್ನು. ನಾ ಇನ್ನೂ ಒಪ್ಪಿಲ್ಲ,” ಎಂದರು.

ಹೋದ ಸೋಮವಾರ ಮರುತಪಾಸಣೆಗೆ ಬಂದಾಗ ಬಾಳವ್ವ ಮತ್ತೆ ಪಾಳಿಯಲ್ಲಿದ್ದಳು. ಈ ಸಲ ಜೊತೆಗೆ ಒಬ್ಬ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಶಿದ್ದಪ್ಪ ಬಂದನಲ್ಲ ಎಂದು ನನಗೆ ಸಂತೋಷವಾಯಿತು. ಗುಮಾಸ್ತರಿಗೂ ಆಯಿತೆಂದು ಕಾಣುತ್ತದೆ, ಫಾರ್ಮು ಹೊರಗೆ ತೆಗೆದೇಬಿಟ್ಟರು. ಆ ಮನುಷ್ಯ ಪಾಳಿ ಬಿಟ್ಟು ಗೋಡೆಯ ಕಡೆ ಯಾವುದೋ ಪೋಸ್ಟರು ಓದುತ್ತ ನಿಂತಿದ್ದ. ಬಾಳವ್ವ ಆತುರದಲ್ಲಿ ಕೂಗಿದಳು.

“ಏ ಮುತ್ತ್ಯಾ, ಬಾರೋ ಇಲ್ಲೆ. ಅಗಸರ ಕತ್ತಿ ನಿಂತಂಗ ನಿಂತಾನ ನೋಡು.”

ಕಿಟಕಿಯಲ್ಲಿ ಪೆನ್ನು ನಿಂತಿತು. ಗುಮಾಸ್ತರು ಕನ್ನಡಕ ಹಣೆಗೇರಿಸಿದರು. “ಹೋದ ವಾರ ಗಂಡನ ಹೆಸರು ಹೇಳಾಕ ಒಡಪು ಕಟ್ಟಿದಾಕಿ ನೀ. ಈ ವಾರ ಗಂಡಗ ‘ಬಾರೋ’ ಅಂತೀ, ಕತ್ತಿ ಅಂತೀ. ಖರೇ ಹೇಳು, ಇಂವ ಯಾರು?”

“ತಮ್ಮರಿ,” ಎಂದಳು ಬಾಳವ್ವ. ಮತ್ತೆ ಪಾಳಿ ನಕ್ಕಿತು. ಮುತ್ತು ಪಾಪ ಬಿಳಿ ಅಂಗಿಯೊಳಗೇ ಸಣ್ಣಗಾದ. ನಾನೂ ನಕ್ಕೆ. ಒಳಗಿನಿಂದ ಕರೆದರು, ತಪಾಸಣೆ ಮುಗಿಸಿ ಹೊರಗೆ ಬಂದೆ. ಬೇವಿನ ಗಿಡದ ಕಟ್ಟೆಯ ಮೇಲೆ ಅಕ್ಕ ತಮ್ಮ ಕೂತಿದ್ದರು. ಬಾಳವ್ವನೂ ನಗುತ್ತಲೇ ಹೇಳಿದಳು. “ಅಕ್ಕಾರ, ಸುಳ್ಳು ಹೇಳಾಕೂ ಅಭ್ಯಾಸ ಬೇಕ ನೋಡ್ರಿ. ಮೂವತ್ತ ವರ್ಷ ಮುತ್ತ್ಯಾ ಮುತ್ತ್ಯಾ ಅಂದ ಬಾಯಿ, ಒಂದ ದಿನದಾಗ ತಿರಗೂದಿಲ್ಲ.”

“ಈಗೇನು ಮಾಡ್ತೀರಿ?”

“ಪಕ್ಕದ ಊರಾಗ ಒಬ್ಬಾಕಿ ಬೇರು ಕೊಡ್ತಾಳಂತ. ಅಕೀ ಯಾರ ಸಹಿನೂ ಕೇಳೂದಿಲ್ಲ.”

ಆಗ ನನ್ನ ನಗು ಹೋಯಿತು.

ಲೆಕ್ಕ ಸರಳವಾಗಿದೆ. ಈ ಸೇವೆ ನಿಮ್ಮಲ್ಲಿ ಸೋಮವಾರ ಮಾತ್ರ. ಬರುವ ಸೋಮವಾರಕ್ಕೆ ಬಾಳವ್ವನಿಗೆ ಒಂಬತ್ತು ವಾರ ತುಂಬುತ್ತದೆ. ಗುಳಿಗೆಯಲ್ಲಿ ಆಗುವುದಕ್ಕೆ ಅದೇ ಕೊನೆಯ ದಿನ. ಆಮೇಲೆ ಒಳಗೆ ಮಲಗಿಸಿ ಮಾಡಬೇಕು, ಮೊದಲೇ ರಕ್ತ ಕಡಿಮೆಯಿರುವ ಮೈ, ಅವಳು ಅದಕ್ಕೆ ಹೆದರುತ್ತಾಳೆ, ನಿಮ್ಮವರೂ ಮುಂದಕ್ಕೆ ಹಾಕುತ್ತಾರೆ. ಬೇರು ಕೊಡುವವಳ ಬಾಗಿಲು ಮಾತ್ರ ವಾರದ ಏಳೂ ದಿನ ತೆರೆದಿರುತ್ತದೆ. ನಾನು, “ಸೋಮವಾರದ ತನಕ ತಡೀರಿ, ಆ ಕಾಗದ ತಗಸ್ತೀನಿ,” ಎಂದು ಮಾತು ಕೊಟ್ಟು ಬಂದಿದ್ದೇನೆ. ಯಾವ ಧೈರ್ಯದ ಮೇಲೆ ಕೊಟ್ಟೆನೋ ಗೊತ್ತಿಲ್ಲ. ಮಗಳ ಉಸಿರು ನೋಡುವ ಚಿಂತೆಯ ಜೊತೆಗೆ ಈಗ ಇದೂ ಒಂದು.

ನನಗೂ ಬಾಳವ್ವನಿಗೂ ಏನು ವ್ಯತ್ಯಾಸ? ಕಾಯ್ದೆಯಲ್ಲಿ ಇಲ್ಲ. ಧರ್ಮದಲ್ಲಿ ನೋಡಿದರೆ ಅವಳ ಪರವಾಗಿಯೇ ಒಂದು ಕಾಳು ಹೆಚ್ಚು ತೂಗೀತು, ಅವಳದು ಜೀವದ ಪ್ರಶ್ನೆ, ಮೂರು ಮಕ್ಕಳ ಪ್ರಶ್ನೆ. ವ್ಯತ್ಯಾಸ ಇಷ್ಟೇ, ನನ್ನ ಗಂಡ ಕಿಟಕಿಯಿಂದ ಮೂರು ಕಿಲೋಮೀಟರ್ ದೂರದಲ್ಲಿದ್ದರು, ಅವಳ ಗಂಡ ಸಮುದ್ರದ ಮೇಲಿದ್ದಾನೆ. ಮನುಷ್ಯಜೀವದ ಬೆಲೆಯ ಬಗ್ಗೆ ಪಂಡಿತರು ಸಾವಿರಾರು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ನಿಮ್ಮ ಎಂಟನೇ ಕಿಟಕಿ ಅದನ್ನು ಕಿಲೋಮೀಟರಿನಲ್ಲಿ ಅಳೆದು ಮುಗಿಸಿದೆ.

ಆ ಕಾಗದ ಜೀವ ಉಳಿಸಲು ಇದೆ ಎನ್ನುತ್ತೀರಾ? ಹಾಗಾದರೆ ಬಸಿರು ಇಟ್ಟುಕೊಳ್ಳುತ್ತೇನೆ ಎಂದು ಬರುವವಳಿಗೂ ಯಾಕೆ ಸಹಿ ಕೇಳುವುದಿಲ್ಲ? ಮಗಳು ಹೊಟ್ಟೆಯಲ್ಲಿದ್ದಾಗ ಒಂಬತ್ತು ತಿಂಗಳು ನಿಮ್ಮ ಮೂರನೇ ಕಿಟಕಿಗೆ ಬಂದೆ. ತಾಯಿ ಕಾರ್ಡು ಕೊಟ್ಟರು, ಕಬ್ಬಿಣದ ಗುಳಿಗೆ ಕೊಟ್ಟರು. ಒಂದು ಜೀವವನ್ನು ಹುಟ್ಟಿಸಿ, ಸಾಕಿ, ಇಪ್ಪತ್ತು ವರ್ಷ ಅದಕ್ಕಾಗಿ ಎಚ್ಚರ ಇರುವ ನಿರ್ಧಾರ ಅದು. ಎಷ್ಟು ದೊಡ್ಡದು. ಅದಕ್ಕೆ ನಾನೊಬ್ಬಳೇ ಸಾಕಾದೆ, ‘ಗಂಡ ಎಲ್ಲಿ’ ಎಂದು ಒಬ್ಬರೂ ಕೇಳಲಿಲ್ಲ. ಹೌದು ಎನ್ನುವಾಗ ಬಲ್ಲವಳಾದವಳು ಬೇಡ ಎನ್ನುವಾಗ ಹೇಗೆ ಅರಿಯದವಳಾದಳು?

ನಿಜವಾದ ಕಾರಣ ಗುಮಾಸ್ತರೇ ಹೇಳಿದರು, ಪ್ರಾಮಾಣಿಕರು. “ನಾಳೆ ಗಂಡ ಬಂದು ಜಗಳಾ ತಗದ್ರ ಯಾರ್ರಿ ಹೊಣೆ?” ಅಂದರೆ ಕಾಗದ ಉಳಿಸುತ್ತಿರುವುದು ಕಿಟಕಿಯ ಗಾಜನ್ನು. ನನಗೆ ಗಾಜಿನ ಮೇಲೆ ದ್ವೇಷವಿಲ್ಲ. ಆದರೆ ಅದಕ್ಕಾಗಿ ಬಾಳವ್ವನ ಜೀವವನ್ನು ಅಡವಿಡುವುದು ದುಬಾರಿ ಆಯಿತು. ಕುತೂಹಲಕ್ಕೆ ಹತ್ತಿರ ಹೋಗಿ ನೋಡಿದೆ ಮಾನ್ಯರೇ. ಆ ಕಾಗದದ ಮೇಲೆ ಆದೇಶದ ಸಂಖ್ಯೆಯಿಲ್ಲ, ದಿನಾಂಕವಿಲ್ಲ, ಮೊಹರಿಲ್ಲ. ಸಹಿ ಕಡ್ಡಾಯ ಎನ್ನುವ ಕಾಗದಕ್ಕೆ ಯಾರೊಬ್ಬರ ಸಹಿಯೂ ಇಲ್ಲ.

ಚರ್ಚೆ ನಿಲ್ಲಬೇಕೆಂದು ನಾನು ಕೇಳುತ್ತಿಲ್ಲ. ನಮ್ಮ ಮನೆಯಲ್ಲಿ ಅದು ಇನ್ನೂ ನಡೆದಿದೆ, ಅತ್ತೆ ಒಗ್ಗರಣೆ ಹಾಕುವಾಗ ಒಂದು ಮಾತು ಎಸೆಯುತ್ತಾರೆ, ನಾನು ಅರಿವೆ ಒಣಹಾಕುವಾಗ ಉತ್ತರ ಕೊಡುತ್ತೇನೆ. ಬಹುಶಃ ಇಬ್ಬರೂ ಗೆಲ್ಲುವುದಿಲ್ಲ. ಅದು ಮನೆಯಲ್ಲಿ ನಡೆಯಬೇಕಾದ ಮಾತು, ಮನಸ್ಸಿನಲ್ಲಿ ನಡೆಯಬೇಕಾದ ಮಾತು. ಕಿಟಕಿಗೆ ಬಂದು ನಿಂತವಳು ಅದನ್ನು ಮುಗಿಸಿ ಬಂದಿರುತ್ತಾಳೆ.

ಆದ್ದರಿಂದ ಕೇಳುವುದು ಇಷ್ಟು. ಕಾಗದ ಹರಿಯಿರಿ. ಅದರ ಜಾಗದಲ್ಲಿ ಕಾಯ್ದೆ ಏನು ಹೇಳುತ್ತದೋ ಅದನ್ನು ಬರೆಸಿ, ಕೆಳಗೆ ನಿಮ್ಮ ಸಹಿ ಹಾಕಿ. ನಾಳೆ ಯಾವುದೇ ಗಂಡ ಜಗಳಕ್ಕೆ ಬಂದರೆ ಗುಮಾಸ್ತರು ನಿಮ್ಮ ಕೋಣೆಯನ್ನು ತೋರಿಸಲಿ, ಅಲ್ಲಿ ಕುರ್ಚಿ ದೊಡ್ಡದಿದೆ. ಬಾಳವ್ವ ನಾಲ್ಕನೆಯ ಇಯತ್ತೆ ಓದಿದ್ದಾಳೆ, ತನ್ನ ಹೆಸರನ್ನು ಒತ್ತಕ್ಷರ ತಪ್ಪದಂತೆ ಬರೆಯುತ್ತಾಳೆ. ನಾನು ಬರೆಸಿ ನೋಡಿದ್ದೇನೆ.

ಸೋಮವಾರ ನಾನೂ ಅತ್ತೆಯೂ ಅವಳ ಜೊತೆ ಇರುತ್ತೇವೆ. ‘ನಾ ಒಪ್ಪಿಲ್ಲ’ ಎಂಬುದನ್ನು ಅತ್ತೆ ಬಾಳವ್ವನಿಗೆ ಬಸ್ ಸ್ಟ್ಯಾಂಡಿನಲ್ಲಿಯೇ ತಿಳಿಸಲಿದ್ದಾರೆ. ಆಮೇಲೆ ಅವಳ ಕೈ ಹಿಡಿದು ಕಿಟಕಿಯ ತನಕ ಕರೆತರಲಿದ್ದಾರೆ. ಶಿರಗುಪ್ಪಿಯಿಂದ ಅವಳ ಬಸ್ಸು ಏಳೂವರೆಗೆ ಹೊರಡುತ್ತದೆ. ಅವಳು ಹುಬ್ಬಳ್ಳಿಯಲ್ಲಿ ಇಳಿಯುವ ಮುಂಚೆ ನೀವು ಒಮ್ಮೆ ಎಂಟನೇ ಕಿಟಕಿಯ ತನಕ ನಡೆದು ಹೋಗಿ.

ಇಂತಿ,
ನಿಮ್ಮ ಆಸ್ಪತ್ರೆಯಲ್ಲಿ ಒಂದು ಹೆತ್ತು, ಒಂದನ್ನು ಬಿಟ್ಟು, ಎರಡಕ್ಕೂ ನಿದ್ದೆಗೆಟ್ಟವಳು,
ಧನಶ್ರೀ
ಹಳೇ ಹುಬ್ಬಳ್ಳಿ